ಡಬ್ಬಿ, ಗೆರೆ, ನಾದ: ಯಾವ ತಂತ್ರಾಂಶದಿಂದ ಶುರುಮಾಡಲಿ?

ಪ್ರಶ್ನೆ: ನನಗೆ 58 ವರ್ಷ. ಮನೆಯಲ್ಲೇ ಸಂಗೀತ ಪಾಠ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ನನ್ನದೇ ಶ್ರುತಿನಾದ ಕಟ್ಟಿ, ಅದರ ಮೇಲೆ ಹೊಸ ಬಗೆಯ ಸದ್ದುಗಳನ್ನು ಹೆಣೆಯಬೇಕೆಂಬ ಆಸೆ. ಮಗಳು ‘ಪ್ಯೂರ್ ಡೇಟಾ’ ಕಲಿ ಅನ್ನುತ್ತಾಳೆ, ಅಳಿಯ ‘ಮ್ಯಾಕ್ಸ್’ ಅನ್ನುತ್ತಾರೆ. ನನಗೋ ಕೋಡಿಂಗ್ ಎಂದರೇ ಕೈ ನಡುಗುತ್ತದೆ. ಏನೋ ಒತ್ತಿ ಏನೋ ಆಗಿಬಿಟ್ಟರೆ?
— ಓದುಗರು, ಬಿಇಎಂಎಲ್ ಬಡಾವಣೆ, ರಾಜರಾಜೇಶ್ವರಿನಗರ

ಉತ್ತರ: ಬರೆದು ಕೇಳಿದಿರಲ್ಲ, ಒಳ್ಳೆಯದಾಯಿತು. ಕೋಡ್ ಅಂದರೆ ಹೆದರುವವರು ನೀವೊಬ್ಬರೇ ಅಲ್ಲ. ಆದರೆ ಇಲ್ಲಿ ಸಾಲುಸಾಲಾಗಿ ಕೋಡ್ ಬರೆಯುವ ಕೆಲಸವಿಲ್ಲ. ಗಣೇಶೋತ್ಸವದಲ್ಲಿ ಮೈಕ್‌ಸೆಟ್‌ನವರು ಮೈಕಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ ವೈರು ಎಳೆಯುತ್ತಾರಲ್ಲ, ಹಾಗೆಯೇ ಪರದೆಯ ಮೇಲೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತೀರಿ. ಹೀಗೆ ಜೋಡಿಸಿದ ನಕ್ಷೆಗೆ ಪ್ಯಾಚ್ ಎಂದು ಹೆಸರು. ಜೋಡಣೆ ತಪ್ಪಿದರೆ ಸಾಮಾನ್ಯವಾಗಿ ಸದ್ದು ಬರುವುದಿಲ್ಲ, ಅಷ್ಟೇ. ಕಂಪ್ಯೂಟರಿಗೆ ಏನೂ ಆಗುವುದಿಲ್ಲ.

ಮಗಳು, ಅಳಿಯ ಇಬ್ಬರ ಮಾತೂ ಸರಿಯೇ. ಎರಡರ ಮೂಲದಲ್ಲೂ ಇರುವವರು ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಶೋಧನಾ ಕೇಂದ್ರದಲ್ಲಿ ಅವರು ಮ್ಯಾಕ್ಸ್ ರೂಪಿಸಿದರು, 1990ರ ದಶಕದಲ್ಲಿ ಪ್ಯೂರ್ ಡೇಟಾ ಬರೆದರು. ಮ್ಯಾಕ್ಸ್ ನೋಡಲು ಚೆಂದ, ಆದರೆ ಹಣ ಕೊಡಬೇಕು. ಪ್ಯೂರ್ ಡೇಟಾ ಪೂರ್ತಿ ಉಚಿತ. ಅದರ ಮುಖ ಸಪ್ಪೆ, ಅದನ್ನು ಸಹಿಸಿಕೊಳ್ಳಿ. ನಿಮಗೆ ಅದೇ ಇರಲಿ ಎನ್ನುತ್ತೇನೆ.

ಅದಕ್ಕೊಂದು ಕಾರಣವಿದೆ. ಕಂಪನಾಂಕವನ್ನು (ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ನೀವೇ ಡಬ್ಬಿಯಲ್ಲಿ ಬರೆಯಬಹುದು. ಜಿ ಶ್ರುತಿಯ ಷಡ್ಜಕ್ಕೆ 196 ಎಂದು ಹಾಕಿ. ಅದರ ಒಂದೂವರೆ ಪಟ್ಟು, ಅಂದರೆ 294, ಪಂಚಮ. ಒಂದೂಕಾಲು ಪಟ್ಟು, 245, ಅಂತರ ಗಾಂಧಾರ. ಇದೇ ಗಾಂಧಾರವನ್ನು ಕೀಬೋರ್ಡಿನಲ್ಲಿ ನುಡಿಸಿದರೆ ಸುಮಾರು 246.9 ಬರುತ್ತದೆ. ಎರಡನ್ನೂ ಒಟ್ಟಿಗೆ ಕೇಳಿಸಿದರೆ ಸೆಕೆಂಡಿಗೆ ಎರಡು ಸಲ ನಾದ ಅಲೆಯಂತೆ ಏರಿಳಿಯುತ್ತದೆ. ತಂಬೂರಿಯಲ್ಲಿ ಹೊಮ್ಮುವ ಸ್ವಯಂಭೂ ಗಾಂಧಾರಕ್ಕೆ ಪಳಗಿದ ನಿಮ್ಮ ಕಿವಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಈ ಕಿವಿ ಇದ್ದವರಿಗೆ ಡಬ್ಬಿ ಜೋಡಿಸುವುದು ಕಷ್ಟದ ವಿದ್ಯೆಯೇನಲ್ಲ.

ಮೊದಲು ಸಿಗುವ ‘ಆಸ್ಕ್’ ಡಬ್ಬಿಯ ನಾದದಲ್ಲಿ ಅನುಸ್ವರಗಳಿಲ್ಲ, ಬೋಳುಬೋಳಾಗಿ ಕೇಳುತ್ತದೆ. ನಿರಾಶರಾಗಬೇಡಿ. ‘ಫೇಸರ್’ ಡಬ್ಬಿ ತೆಗೆದುಕೊಂಡು ಫಿಲ್ಟರಿನ (ಕೆಲವು ಕಂಪನಗಳನ್ನು ತಗ್ಗಿಸುವ ಜರಡಿ) ಮೂಲಕ ಹಾಯಿಸಿ, ನಾದ ತುಂಬಿಕೊಳ್ಳುತ್ತದೆ. ಯಾವುದೇ ಡಬ್ಬಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಹೆಲ್ಪ್’ ಆರಿಸಿದರೆ, ಕೆಲಸ ಮಾಡುವ ಮಾದರಿ ಪ್ಯಾಚ್ ತೆರೆದುಕೊಳ್ಳುತ್ತದೆ. ಅದನ್ನೇ ನಕಲು ಮಾಡಿ ಕಲಿಯಿರಿ.

ನಿಮ್ಮ ಹೆದರಿಕೆ ಒಂದು ಕಡೆ ಮಾತ್ರ ನ್ಯಾಯವಾದದ್ದು, ಅದು ಕಿವಿಯ ವಿಷಯ. ತಪ್ಪು ಜೋಡಣೆಯಿಂದ ಒಮ್ಮೆಲೇ ಜೋರು ಸದ್ದು ಚೀರಬಹುದು. ಸ್ಪೀಕರಿಗೆ ಹೋಗುವ ಕೊನೆಯ ಡಬ್ಬಿಗೆ ಮುಂಚೆ 0.1ರಿಂದ ಗುಣಿಸುವ ಡಬ್ಬಿಯೊಂದನ್ನು ಇಡಿ. ಹೆಡ್‌ಫೋನ್ ಹಾಕಿಕೊಂಡು ಪ್ರಯೋಗ ಮಾಡಲೇಬೇಡಿ.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ ನಾನು. ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಂಥಸೈಜರ್ (ವಿದ್ಯುನ್ಮಾನ ವಾದ್ಯ) ಮಾದರಿಯ ತಂತ್ರಾಂಶ ‘ವಿಸಿವಿ ರ‍್ಯಾಕ್’ ಹಾಕಿದ್ದೇನೆ, ಸದ್ದು ಚಟಚಟ ಒಡೆಯುತ್ತದೆ. ಕಾಲೇಜು ವೇದಿಕೆಯಲ್ಲಿ ನುಡಿಸಬೇಕು. ಈಗ ಒಂದನ್ನು ಕಲಿತು, ಅದೇ ತಪ್ಪು ಆಯ್ಕೆ ಎಂದು ಆಮೇಲೆ ಗೊತ್ತಾದರೆ?
— ಓದುಗರು, ಚನ್ನಸಂದ್ರ

ಉತ್ತರ: ಕಲಿತದ್ದು ನಷ್ಟವಾಗುವುದಿಲ್ಲ. ಆಸಿಲೇಟರ್ (ನಾದ ಹುಟ್ಟಿಸುವ ಘಟಕ), ಫಿಲ್ಟರ್, ಎನ್ವಲಪ್ (ಸದ್ದು ಹುಟ್ಟಿ ಅಡಗುವ ಬಗೆ) ಎಲ್ಲ ಕಡೆಯೂ ಅವೇ. ಡಬ್ಬಿಯ ಹೆಸರು ಬದಲಾಗುತ್ತದೆ, ಅಷ್ಟೇ.

ಚಟಚಟಕ್ಕೆ ಮೊದಲು ಬಫರ್ (ಸದ್ದನ್ನು ಕೂಡಿಟ್ಟು ಕಳಿಸುವ ಗಾತ್ರ) ನೋಡಿ. ಸೆಕೆಂಡಿಗೆ 48,000 ಮಾದರಿಗಳಿರುವಾಗ 256ರ ಬಫರ್ ಎಂದರೆ ಸುಮಾರು 5.3 ಮಿಲಿಸೆಕೆಂಡ್, 512 ಎಂದರೆ 10.7. ದೊಡ್ಡದು ಮಾಡಿದರೆ ಒಡಕು ನಿಲ್ಲಬಹುದು, ಆದರೆ ಕೀ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ತಡ ಹೆಚ್ಚುತ್ತದೆ. 512ರಲ್ಲೂ ಒಡೆದರೆ ನಿಮ್ಮ ಯಂತ್ರಕ್ಕೆ ರ‍್ಯಾಕ್ ಭಾರವಾಗಿದೆ ಎಂದೇ ಲೆಕ್ಕ. ನಿಜವಾದ ಸಿಂಥಸೈಜರಿನ ಹಾಗೆ ಕಾಣುವ ಫಲಕಗಳನ್ನು ಬಿಡಿಸುವುದರಲ್ಲೇ ಅದು ಯಂತ್ರವನ್ನು ಸಾಕಷ್ಟು ದುಡಿಸುತ್ತದೆ.

ಪ್ಯೂರ್ ಡೇಟಾ ಹಗುರ. ಎಸ್‌.ಪಿ. ರೋಡಿನಲ್ಲಿ ಸಿಗುವ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಮೇಲೂ ಅದು ಓಡುತ್ತದೆ. ರ‍್ಯಾಕ್ ಅನ್ನು ಬಿಡಬೇಕೆಂದೇನೂ ಇಲ್ಲ. ಸಿಂಥಸೈಜರಿನ ಒಳಗುಟ್ಟು ಕಣ್ಣಿಗೆ ಕಾಣುವಂತೆ ಕಲಿಯಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮನೆಯಲ್ಲಿ ಅದು, ವೇದಿಕೆಗೆ ಪ್ಯೂರ್ ಡೇಟಾ.

ಪ್ರಶ್ನೆ: ಮಗ ಮ್ಯಾಕ್ಸ್‌ಗೆ ದುಡ್ಡು ಕೇಳುತ್ತಿದ್ದಾನೆ. ಡಾಲರ್ ಲೆಕ್ಕ, ನನ್ನ ಕ್ರೆಡಿಟ್ ಕಾರ್ಡು. ದುಡ್ಡು ದಂಡವಾಗುತ್ತದೆಯೇ? ಅಷ್ಟಕ್ಕೂ ಇದನ್ನು ಸಂಗೀತ ಅನ್ನಬಹುದೇ?
— ಓದುಗರು, ಕೆಂಗೇರಿ

ಉತ್ತರ: ಹಣದ ಚಿಂತೆ ಸಹಜ. ಎರಡನೆಯ ಅನುಮಾನವೂ ಹೊಸದಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಕೂರಿಸಿದರು, ಗೀತಾ ಸಾರಾಭಾಯಿಯಂಥ ಸಂಗೀತಜ್ಞರು ಅದರಲ್ಲಿ ಕೆಲಸ ಮಾಡಿದರು. ನಮ್ಮ ಬೆಂಗಳೂರಿನಲ್ಲೇ ಕೊಳಲುವಾದಕರೂ ಇಂಜಿನಿಯರೂ ಆದ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇಂದು ಅದು ಎಷ್ಟು ಕಛೇರಿಗಳಲ್ಲಿ ಶ್ರುತಿ ಹಿಡಿದು ಕೂತಿರುತ್ತದೆ, ನೋಡಿಯೇ ಇರುತ್ತೀರಿ.

ದುಡ್ಡು ಕೊಡುವ ಮುಂಚೆ ಮಗನ ಕಂಪ್ಯೂಟರ್ ಯಾವುದು ಕೇಳಿ. ಮ್ಯಾಕ್ಸ್ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ, ಲಿನಕ್ಸ್‌ಗೆ ಇಲ್ಲ. ಏಬಲ್‌ಟನ್ ಲೈವ್‌ನ (ಸಂಗೀತ ರಚನೆಯ ತಂತ್ರಾಂಶ) ‘ಸೂಟ್’ ಆವೃತ್ತಿ ಅವನ ಬಳಿ ಈಗಾಗಲೇ ಇದ್ದರೆ, ಅದರೊಳಗೆ ‘ಮ್ಯಾಕ್ಸ್ ಫಾರ್ ಲೈವ್’ ಸೇರಿಯೇ ಬರುತ್ತದೆ, ಹೊಸದಾಗಿ ಕೊಳ್ಳುವ ಅಗತ್ಯ ಬಹುಶಃ ಬೀಳದು. ಇಲ್ಲವಾದರೆ ಪುಕ್ಕಟೆ ಪ್ರಯೋಗದ ಅವಧಿಯಲ್ಲಿ ಒಂದು ಪ್ಯಾಚ್ ಮುಗಿಸಿ ನಿಮಗೆ ಕೇಳಿಸಲಿ. ಆಮೇಲೂ ಬೇಕೆಂದರೆ ವಿದ್ಯಾರ್ಥಿ ರಿಯಾಯಿತಿ ಕೇಳಿ ಪಡೆಯಿರಿ. ಚಂದಾ ಕಟ್ಟುವುದಾದರೆ, ಅದು ತಾನಾಗಿಯೇ ನವೀಕರಣಗೊಂಡು ನಿಮ್ಮ ಕಾರ್ಡಿನಿಂದ ಹಣ ಕಡಿತವಾಗದಂತೆ ಮೊದಲ ದಿನವೇ ನೋಡಿಕೊಳ್ಳಿ.