ಹರಕೆಗಿಂತ ವಿಧೇಯತೆ ದೊಡ್ಡದು

ಪ್ರಿಯ ಯಾತ್ರಿಕರೇ, ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಕೈಯಲ್ಲಿ ಮೇಣದಬತ್ತಿ, ಹೂವು, ಹರಕೆಯ ಕಾಣಿಕೆ ಇದೆ. ಅದನ್ನು ಒಪ್ಪಿಸುವ ಮೊದಲು ನೆರಳಲ್ಲಿ ಸ್ವಲ್ಪ ಕೂತು, ಪವಿತ್ರ ಗ್ರಂಥದ ಇಬ್ಬರು ಅರಸರನ್ನು ನೆನೆಯೋಣ.

ಮೊದಲನೆಯವನು ಸೌಲ (1 ಸಮುವೇಲ 15). ಅಮಾಲೇಕ್ಯರಿಂದ ಏನನ್ನೂ ಉಳಿಸಿಕೊಳ್ಳಬಾರದೆಂದು ದೇವರ ಅಪ್ಪಣೆಯಾಗಿತ್ತು. ಅವನು ಒಳ್ಳೊಳ್ಳೆ ಕುರಿ, ದನಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲ ಕೇಳಿದಾಗ, ಜನ ತಂದರು, ದೇವರಿಗೇ ಬಲಿ ಕೊಡೋಕೆ ಅಂತ ಸಬೂಬು ಹೇಳಿದ. ಬಲಿಗಿಂತ ವಿಧೇಯತೆಯೇ ದೇವರಿಗೆ ಮೆಚ್ಚುಗೆ ಎಂದು ಪ್ರವಾದಿ ತಿಳಿಸಿದ. ಕೊನೆಗೆ ಸೌಲ ಪಾಪ ಒಪ್ಪಿಕೊಂಡದ್ದೂ ಉಂಟು. ಆದರೆ ಅದರ ಬೆನ್ನಿಗೇ, ಹಿರಿಯರ ಎದುರು ತನ್ನ ಮರ್ಯಾದೆ ಉಳಿಸಬೇಕೆಂದು ಬೇಡಿದ. ಅರಸುತನ ಕೈತಪ್ಪಿತು.

ಎರಡನೆಯವನು ದಾವೀದ (2 ಸಮುವೇಲ 12). ಅವನ ಪಾಪ ಸಣ್ಣದೇನಲ್ಲ: ಪರರ ಹೆಂಡತಿಯನ್ನು ಕೆಡಿಸಿ, ಗಂಡನನ್ನು ಯುದ್ಧದಲ್ಲಿ ಸಾಯಿಸಿದ್ದ. ನಾತಾನ ಪ್ರವಾದಿ ಎದುರು ನಿಂತಾಗ ಅವನು ಸಬೂಬು ಹೇಳಲಿಲ್ಲ, ಮರ್ಯಾದೆ ಬೇಡಲಿಲ್ಲ, ತಲೆಬಾಗಿದ. ಕ್ಷಮೆ ಸಿಕ್ಕಿತು. ಆದರೂ ಪಾಪದ ಫಲವನ್ನು ಉಣ್ಣಲೇಬೇಕಾಯಿತು.

ಇಬ್ಬರೂ ತಪ್ಪಿದವರೇ. ವ್ಯತ್ಯಾಸ ಇರೋದು ದೇವರ ತೀರ್ಪನ್ನು ಸ್ವೀಕರಿಸಿದ ರೀತಿಯಲ್ಲಿ. ತೀರ್ಪು ಬರುವುದು ನಮ್ಮನ್ನು ನಾಶಮಾಡಲು ಅಲ್ಲ, ತಿರುಗಿಸಲು. ತಿರುಗಬೇಕಾದರೆ ದೀನತೆ ಬೇಕು.

ಇದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಉಂಟು. ಸೊರಬ–ಸಾಗರ ಸೀಮೆಯ ಕೆಳದಿ ಸಂಸ್ಥಾನವನ್ನು ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಆಕೆಯ ಕೈಕೆಳಗಿದ್ದ ಕರಾವಳಿಯಲ್ಲಿ ಕ್ರೈಸ್ತರು ಎರಡು ಪಂಗಡವಾಗಿದ್ದರು. ಒಂದು ಕಡೆ ಪೋರ್ಚುಗಲ್ ದೊರೆಯ ಹಕ್ಕಿಗೆ ಸೇರಿದ ಗೋವೆಯ ಗುರುಗಳು, ಇನ್ನೊಂದು ಕಡೆ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕು ಎಂದು ಜನ ಗೊಂದಲದಲ್ಲಿದ್ದರು. 1681ರಲ್ಲಿ ಗೋವೆಯಿಂದ ಬಂದ ಫಾದರ್ ಜೋಸೆಫ್ ವಾಜ್ ಪಕ್ಷ ಕಟ್ಟಲಿಲ್ಲ. ತಾವೇ ಧರ್ಮಾಧ್ಯಕ್ಷರನ್ನು ಕಂಡು, ವಿನಯದಿಂದ ಮಾತಾಡಿ, ಸಮಾಧಾನಕ್ಕೆ ದುಡಿದರು. 1684ರಲ್ಲಿ ಗೋವೆಗೆ ಮರಳಿ, ಮುಂದೆ ಶ್ರೀಲಂಕೆಯಲ್ಲಿ ಸೇವೆ ಮಾಡುತ್ತಾ 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರು ಬಳಿಯ ಮುಡಿಪು ಬೆಟ್ಟದಲ್ಲಿ ಇಂದಿಗೂ ಭಕ್ತರು ಅವರನ್ನು ಸ್ಮರಿಸುತ್ತಾರೆ.

ಈಗ ನಮ್ಮ ಮಾತಿಗೆ ಬರೋಣ. ಶಿರಾಳಕೊಪ್ಪವಿರಲಿ, ಶಿಕಾರಿಪುರವಿರಲಿ, ಗದ್ದೆಯ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಯಾವ ಊರಲ್ಲಿಲ್ಲ ಹೇಳಿ? ಅವರೂ ಹರಕೆ ಹೊತ್ತು ಬೆಟ್ಟ ಹತ್ತುತ್ತಾರೆ. ಆದರೆ ಯೇಸುಸ್ವಾಮಿಯ ಅಪ್ಪಣೆ ಏನು? ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಸಹೋದರನ ಜೊತೆ ರಾಜಿಯಾಗಬೇಕು (ಮತ್ತಾಯ 5:23-24). ಯಾರದು ಸರಿ ಎಂಬ ತೀರ್ಪು ದೇವರದು. ಮೊದಲು ಮಾತಾಡಿಸುವ ಕೆಲಸ ನಮ್ಮದು.

ಧ್ಯಾನಕ್ಕೆ:
1. ನನ್ನ ಯಾವ ಸಬೂಬು ಸೌಲನದ್ದರಂತಿದೆ?
2. ತಪ್ಪು ತೋರಿಸಿದವರ ಮಾತನ್ನು ದಾವೀದನಂತೆ ಕೇಳುತ್ತೇನೆಯೇ?
3. ಬೆಟ್ಟ ಇಳಿದ ಮೇಲೆ ಯಾರ ಮನೆ ಬಾಗಿಲಿಗೆ ಹೋಗಬೇಕು?