ಪಾಚಿ ಡೀಸೆಲ್‌ಗೆ ಬೋರ್‌ವೆಲ್ ನೀರೇ?

ಕೋಲಾರದ ಒಂದೆಕರೆಯಲ್ಲಿ ಪಾಚಿ ಬೆಳೆಸಿ ಬಯೋಡೀಸೆಲ್ ತೆಗೆಯುವ ನಿಮ್ಮ ಉತ್ಸಾಹ ಮೆಚ್ಚುವಂಥದ್ದೇ. ಆದರೆ ಸಾಲಕ್ಕೆ ಅರ್ಜಿ ಹಾಕುವ ಮೊದಲು ನೀರಿನ ಲೆಕ್ಕ ಹಾಕಿ. ತೆರೆದ ಕೊಳದಿಂದ ದಿನಕ್ಕೆ ಬರೀ 5 ಮಿಲಿಮೀಟರ್ ಆವಿಯಾದರೂ ಎಕರೆಗೆ ಸುಮಾರು 20,000 ಲೀಟರ್ ಆಯಿತು. ಅದರಲ್ಲಿ ಪಾಚಿಯ ಪಾಲು ಏನೂ ಇಲ್ಲ, ಎಲ್ಲ ಬಿಸಿಲಿನ ಪಾಲು.

'ಉಪ್ಪುನೀರಲ್ಲಿ ಬೆಳೆಯುವ ತಳಿ ಹಾಕಿದರೆ ಸಿಹಿನೀರು ಬೇಡವಲ್ಲ' ಎಂದು ಕೇಳಿದ್ದೀರಿ. ಅರ್ಧ ನಿಜ. ನೀರು ಆವಿಯಾಗುತ್ತದೆ, ಉಪ್ಪು ಕೊಳದಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಉಪ್ಪುನೀರನ್ನೇ ತುಂಬಿದರೆ ಸಾಂದ್ರತೆ ಏರುತ್ತಾ ಹೋಗಿ ಪಾಚಿ ಸೊರಗುತ್ತದೆ. ಆಗ ಸಿಹಿನೀರು ಬೆರೆಸಬೇಕು, ಇಲ್ಲವೇ ಕೊಳದ ನೀರನ್ನು ಒಂದಷ್ಟು ಹೊರಚೆಲ್ಲಬೇಕು. ಎಲ್ಲಿಗೆ? ಪಕ್ಕದವರ ರಾಗಿ ಹೊಲಕ್ಕಂತೂ ಅಲ್ಲ.

2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಿಲೋ ಬಯೋಡೀಸೆಲ್‌ಗೆ ಸುಮಾರು 3,700 ಲೀಟರ್ ಸಿಹಿನೀರು ಬೇಕೆಂದು ಲೆಕ್ಕ ಹಾಕಿತ್ತು. ಪಾಚಿ ಸೋಸಿದ ನೀರನ್ನೇ ಮತ್ತೆ ಬಳಸಿದರೆ ಶೇ 84ರಷ್ಟು ಉಳಿತಾಯ. ಕೊಳಚೆನೀರಾದರೆ ಇನ್ನೂ ಒಳ್ಳೆಯದು, ಸಾರಜನಕವೂ ಅದರಲ್ಲೇ ಸಿಗುತ್ತದೆ. ಹಾಗೆಂದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಕೆರೆಗೆ ಮೋಟಾರ್ ಇಳಿಸಬೇಡಿ. ಆ ನೀರು ಬಂದಿರುವುದು ಅಂತರ್ಜಲ ಮರುಪೂರಣಕ್ಕೆ.

ನೀರಿನ ಜೊತೆ ದುಡ್ಡಿನ ಲೆಕ್ಕವೂ ಇದೆ: ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನಕ್ಕೆ ದುಡ್ಡು ಸುರಿದು, ಪೆಟ್ರೋಲಿಯಂ ಬೆಲೆಯೆದುರು ಗಿಟ್ಟದೆ ಕೈಬಿಟ್ಟಿತು. ಆದರೂ ಹತ್ತಿರದ ಹಾಲಿನ ಡೇರಿಯ ತ್ಯಾಜ್ಯನೀರು ಸಿಗುವುದಾದರೆ ಒಂದು ಸಣ್ಣ ತೊಟ್ಟಿಯಲ್ಲಿ ಪರೀಕ್ಷಿಸಿ ನೋಡಿ. ಬೋರ್‌ವೆಲ್ ನಂಬಿಕೊಂಡಾದರೆ, ಬೇಡ.