ಕೂಸಿಗೆ ಎಣ್ಣೆ ಹಚ್ಚುವ ಹದ

ಮನೆಯಲ್ಲಿ ಬಾಣಂತಿ ಇದ್ದರೆ ಬೆಳಗಿನ ಹೊತ್ತೆಲ್ಲ ಬಚ್ಚಲಿಗೇ ಮೀಸಲು. ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಾಗಲಿ ಎಣ್ಣೆ ಹಚ್ಚಿ ಎರೆಯಲು ಬರುವ ಹಿರಿಯಳು ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಾಳೆ. ಕೂಸು ಕಿರುಚಿ ಅತ್ತರೆ, "ಅಳಲಿ ಬಿಡಮ್ಮಾ, ಎದಿ ಗಟ್ಟಿ ಆಗ್ತದ" ಎನ್ನುತ್ತಾಳೆ. ಬಾಗಿಲ ಬಳಿ ನಿಂತ ತಾಯಿಗೆ ಕರುಳು ಹಿಂಡಿದಂತಾದರೂ ಹಿರಿಯರ ಎದುರು ಮಾತಾಡಲು ಬಾಯಿ ಬರುವುದಿಲ್ಲ.

ಸಹೋದರಿಯರೇ, ಎಣ್ಣೆ ಹಚ್ಚುವ ರೂಢಿ ತಪ್ಪಲ್ಲ. ಅದರ ಒಳಿತನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ದಿನಕ್ಕೆ 3 ಸಲ, ಸಲಕ್ಕೆ 15 ನಿಮಿಷದಂತೆ 10 ದಿನ ಮೈ ನೀವಿ ನೋಡಿದರು. ನೀವಿಸಿಕೊಂಡ ಕೂಸುಗಳ ತೂಕ ಉಳಿದವುಗಳಿಗಿಂತ ದಿನಕ್ಕೆ ಶೇ. 47ರಷ್ಟು ಹೆಚ್ಚಾಗಿ ಏರಿತು. ಕುಡಿದ ಹಾಲಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಅಲ್ಲಿ ಯಾರೂ ಕೂಸನ್ನು ಅಳಿಸಿ ತಿಕ್ಕಿರಲಿಲ್ಲ. ಹದವಾದ ಒತ್ತಡದ ಸ್ಪರ್ಶದಿಂದಲೇ ಈ ಲಾಭ ಬಂದದ್ದು. ತೀರಾ ಹಗುರಾಗಿ ಸವರಿದರೆ ಕೂಸಿಗೆ ಕಚಗುಳಿಯಾಗುತ್ತದೆ, ಬಿರುಸಾಗಿ ತಿಕ್ಕಿದರೆ ನೋವಾಗುತ್ತದೆ. ಅತ್ತರೆ ಎದೆ ಗಟ್ಟಿಯಾಗುವುದಿಲ್ಲ. ಅಳು ಎಂದರೆ "ಸಾಕು" ಎಂದು ಕೂಸು ಹೇಳುವ ಮಾತು.

ಯಾವ ಎಣ್ಣೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಎರೆ ಹೊಲದ ಕುಸುಬೆಯನ್ನು ಮರೆತು ದುಬಾರಿ ಬಾಟಲಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ಬೇಸರ. 2005ರಲ್ಲಿ 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ನವಜಾತ ಶಿಶುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕುಸುಬೆ ಎಣ್ಣೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರು. ಮೂರನೆಯದಕ್ಕೆ ಏನೂ ಹಚ್ಚಲಿಲ್ಲ. ಕುಸುಬೆ ಹಚ್ಚಿದ ಕೂಸುಗಳ ರಕ್ತದಲ್ಲಿ ದೇಹಕ್ಕೆ ಅವಶ್ಯವಾದ ಕೊಬ್ಬಿನ ಆಮ್ಲಗಳು ಹೆಚ್ಚಿದ್ದು ಕಂಡುಬಂತು. ಹಚ್ಚಿದ ಎಣ್ಣೆ ಚರ್ಮದ ಮೂಲಕ ಒಳಗೂ ಇಳಿಯುತ್ತದೆ ಎಂದಾಯಿತು. ಹಾಗಾಗಿ ಒಮ್ಮೆ ಕರಿದ ಎಣ್ಣೆ, ಕಮಟು ವಾಸನೆಯ ಎಣ್ಣೆ ಖಂಡಿತ ಬೇಡ. ಶುದ್ಧ ಕುಸುಬೆ, ಸೂರ್ಯಕಾಂತಿ ಅಥವಾ ಕೊಬ್ಬರಿ ಎಣ್ಣೆ ಸಾಕು. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ ತರಬಹುದು. ಜೈತೂನ್ ಎಣ್ಣೆಯ ಮೇಲೆ ನಮಗೆ ವಿಶೇಷ ಗೌರವವಿದೆ, ಇರಬೇಕಾದದ್ದೇ. ಆದರೆ ಅದರಲ್ಲಿ ಓಲಿಕ್ ಆಮ್ಲ ಹೆಚ್ಚು. ಹಸುಗೂಸಿನ ಒಣ ಚರ್ಮದ ರಕ್ಷಣಾ ಪದರವನ್ನು ಅದು ಸಡಿಲಿಸಬಹುದೆಂದು ಚರ್ಮವೈದ್ಯರು ಎಚ್ಚರಿಸುತ್ತಾರೆ. ಅದನ್ನು ಮನೆಯ ದೊಡ್ಡವರು ಬಳಸಲಿ. ಯಾವುದೇ ಎಣ್ಣೆಯಾಗಲಿ, ಮೊದಲು ಕೂಸಿನ ತೋಳಿನ ಮೇಲೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ.

ಹಚ್ಚುವ ಕೈ ತಾಯಿಯದೇ ಆದರೆ ಉತ್ತಮ. ತಂದೆಯೂ ಹಚ್ಚಬಹುದು, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಬಳೆ, ಉಂಗುರ ತೆಗೆದಿಡಿ, ಉಗುರು ಕತ್ತರಿಸಿಕೊಳ್ಳಿ, ಸಾಬೂನಿನಿಂದ ಮೊಣಕೈವರೆಗೆ ಕೈ ತೊಳೆಯಿರಿ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟಕ್ಕೆ ಹೋಗಿ ಬರುವವರು ಇದನ್ನು ಎರಡು ಪಟ್ಟು ಗಮನಿಸಬೇಕು. ಔಷಧ ಸಿಂಪಡಿಸಿದ ಬಳ್ಳಿ ಮುಟ್ಟಿದ ಕೈ, ಅದೇ ಸೀರೆ, ಅದೇ ಅಂಗಿ ಕೂಸಿಗೆ ತಗುಲಬಾರದು. ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಎತ್ತಿಕೊಳ್ಳಿ.

ಹಾಲು ಕುಡಿದು ಮುಕ್ಕಾಲು ಗಂಟೆಯಾಗಿರಲಿ. ಕೂಸು ಎಚ್ಚರವಾಗಿ, ಗೆಲುವಾಗಿರಲಿ. ಎಣ್ಣೆ ಕೈ ಜಾರುತ್ತದೆ, ಆದ್ದರಿಂದ ನೆಲದ ಮೇಲೆಯೇ ಕುಳಿತುಕೊಳ್ಳಿ. ಫ್ಯಾನ್ ನಿಲ್ಲಿಸಿ. ಅಂಗೈಯಲ್ಲಿ ಎಣ್ಣೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕಾಲಿನಿಂದ ಶುರುಮಾಡಿ. ತೊಡೆಯಿಂದ ಪಾದದವರೆಗೆ ಮೆಲ್ಲಗೆ ಎಳೆದು, ಅಂಗಾಲನ್ನು ಹೆಬ್ಬೆರಳಿನಿಂದ ನೀವಿ. ಹೊಟ್ಟೆಗೆ ಕೈ ಹಾಕುವುದು ಹೊಕ್ಕುಳ ಬಳ್ಳಿ ಉದುರಿ ಗಾಯ ಒಣಗಿದ ಮೇಲೆಯೇ. ಕೂಸಿನ ಬಲಗಡೆಯ ಕೆಳಹೊಟ್ಟೆಯಿಂದ ಮೇಲಕ್ಕೆ, ಅಲ್ಲಿಂದ ಅಡ್ಡಲಾಗಿ ಎಡಕ್ಕೆ, ಎಡದಿಂದ ಕೆಳಕ್ಕೆ ಅಂಗೈ ತಿರುಗಿಸಿ. ಕರುಳು ಸಾಗುವ ದಾರಿ ಅದೇ. ಬಳಿಕ ಎರಡೂ ಮೊಣಕಾಲು ಮಡಿಚಿ ಹೊಟ್ಟೆಯತ್ತ ಮೆತ್ತಗೆ ತಂದರೆ ಗಾಳಿ ಹೊರಹೋಗಿ ಕೂಸು ಹಗುರಾಗುತ್ತದೆ. ಎದೆಯನ್ನು ನಡುವಿನಿಂದ ಹೊರಕ್ಕೆ ಸವರಿ, ತೋಳು ನೀವಿ. ಕೊನೆಗೆ ಬೋರಲು ಮಲಗಿಸಿ ಬೆನ್ನು ನೀವಿ, ಬೆನ್ನೆಲುಬಿನ ಮೇಲೆ ಮಾತ್ರ ಒತ್ತಬೇಡಿ. ಎಲ್ಲ ಸೇರಿ 10ರಿಂದ 15 ನಿಮಿಷ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಎಣ್ಣೆ ಕಡಿಮೆ ಮಾಡಿ, ಉಳಿದದ್ದನ್ನು ಸ್ನಾನದಲ್ಲಿ ತೊಳೆದುಬಿಡಿ. ಇಲ್ಲವಾದರೆ ಬೆವರುಸಾಲೆ ಏಳುತ್ತದೆ.

ಇನ್ನು ಬಿಡಬೇಕಾದವು. ಮೂಗು, ಕಿವಿಗೆ ಎಣ್ಣೆ ಬಿಡುವುದು ಎಲ್ಲಕ್ಕಿಂತ ಅಪಾಯ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಕೂಸಿನ ಪ್ರಾಣಕ್ಕೇ ಕುತ್ತು. ಹುಟ್ಟಿದ ಕೂಸಿನ ಎದೆ ಉಬ್ಬಿ ಹನಿ ಹಾಲು ಬರುವುದು ತಾಯಿಯ ಹಾರ್ಮೋನಿನಿಂದ, ತಾನಾಗಿ ಇಳಿಯುತ್ತದೆ. ಹಿಂಡಿದರೆ ಕೀವು ತುಂಬುತ್ತದೆ. ಕಾಲು ಹಿಡಿದು ತಲೆಕೆಳಗೆ ತೂಗುವುದು, ತಲೆಯನ್ನು ಒತ್ತಿ ದುಂಡಗೆ ಮಾಡುವುದು, ನೆತ್ತಿಯ ಮೆತ್ತನೆ ಜಾಗಕ್ಕೆ ಎಣ್ಣೆ ತಟ್ಟುವುದು ಬೇಡ. ಅಖೀಖಾದಲ್ಲಿ ಕೂದಲು ತೆಗೆಸಿದ ದಿನ ತಲೆಗೆ ಎಣ್ಣೆ ಬೇಡ, ಹೊಸ ಬ್ಲೇಡನ್ನೇ ಬಳಸಲು ಹೇಳಿ. ಸ್ನಾನದ ನಂತರ ಲೋಬಾನದ ಹೊಗೆ ಹಾಕುವುದು ನಮ್ಮ ಮನೆಗಳ ರೂಢಿ. ಎಳೆ ಶ್ವಾಸಕೋಶಕ್ಕೆ ಅದೂ ಹೊಗೆಯೇ. ಕೂಸಿಲ್ಲದ ಕೋಣೆಯಲ್ಲಿ ಹಾಕಿಕೊಳ್ಳಿ. ಸುರ್ಮಾದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಕೂಸಿನ ಕಣ್ಣಿಗೆ ಹಚ್ಚಬೇಡಿ.

ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಕ ಕಡಿಮೆ ಇದ್ದು ಶಿಶು ಘಟಕದಿಂದ ಮನೆಗೆ ಬಂದ ಕೂಸನ್ನು ಮೊದಲು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಬೆಚ್ಚಗಿಡಿ, ಎಣ್ಣೆಯ ವಿಷಯವನ್ನು ವೈದ್ಯರಲ್ಲಿ ಕೇಳಿ. ಜ್ವರ ಇದ್ದಾಗ, ಚರ್ಮದ ಮೇಲೆ ಗುಳ್ಳೆ ಇದ್ದಾಗ ನೀವುವುದು ಬೇಡ. ಲಸಿಕೆ ಚುಚ್ಚಿದ ತೊಡೆ, ತೋಳನ್ನೂ ನೀವಬಾರದು.

ಅತ್ತೆಗೋ ಎರೆಯುವ ಹಿರಿಯಳಿಗೋ ಇದನ್ನು ನೀವೇ ಹೇಳುವುದು ಕಷ್ಟವೆನಿಸಿದರೆ ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಏಳನೇ ದಿನದ ಭೇಟಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡೇ ಕೇಳಿ. ಆದರೆ ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ ಯಾರ ಭೇಟಿಗೂ ಕಾಯದೆ 108ಕ್ಕೆ ಕರೆ ಮಾಡಿ.